ಅಮ್ಮನ ಕಾಲಿನ ಊತಕ್ಕೆ ನೀರಿನ ಮಾತ್ರೆಯೇ ಮದ್ದೇ?

ಓದುಗರ ಪ್ರಶ್ನೆ: "ನನ್ನ ತಾಯಿಗೆ 74 ವರ್ಷ. ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿ ತಂದೆಯವರೊಂದಿಗೆ ಇದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ತಾಯಿಗೆ ಬಹಳ ವರ್ಷಗಳಿಂದ ಬಿ.ಪಿ. ಇದೆ, ಸಕ್ಕರೆ ಕಾಯಿಲೆ ಇಲ್ಲ. ಏಳೆಂಟು ತಿಂಗಳ ಹಿಂದೆ ಬಿ.ಪಿ. ಹೆಚ್ಚಾಯಿತೆಂದು ಅಮ್ಲೋಡಿಪಿನ್ 5 ಇದ್ದದ್ದನ್ನು 10 ಮಾಡಿದರು. ಅದಾದ ಒಂದೆರಡು ತಿಂಗಳಲ್ಲಿ ಎರಡೂ ಕಾಲುಗಳ ಹರಡಿನ ಸುತ್ತ ಊತ ಶುರುವಾಯಿತು. ಬೆಳಿಗ್ಗೆ ಕಡಿಮೆ ಇರುತ್ತದೆ, ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಮೂಡುತ್ತದೆ. ಎಡಗಾಲಿನಲ್ಲಿ ಸ್ವಲ್ಪ ಹೆಚ್ಚು. ಮಂಡಿನೋವಿಗೆ ಮೆಡಿಕಲ್ ಸ್ಟೋರ್‌ನಿಂದ ತಂದ ನೋವಿನ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ. ನಡೆಯುವುದು ಕಡಿಮೆ, ಹಗಲೆಲ್ಲ ಕುರ್ಚಿಯ ಮೇಲೆಯೇ. ಊತಕ್ಕೆಂದು ಲಾಸಿಕ್ಸ್ 40 ಎಂಬ ನೀರಿನ ಮಾತ್ರೆ ಕೊಟ್ಟರು. ಅದನ್ನು ರಾತ್ರಿ ಊಟದ ನಂತರ ಬಿ.ಪಿ. ಮಾತ್ರೆಯ ಜೊತೆ ತೆಗೆದುಕೊಳ್ಳುತ್ತಾರೆ. ಊತ ಅಷ್ಟೇನೂ ಇಳಿಯಲಿಲ್ಲ, ಆದರೆ ತಲೆಸುತ್ತು ಬಂದಿದೆ; ಕಳೆದ ವಾರ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರು. ದೇವರ ದಯೆ, ಮೂಳೆ ಮುರಿಯಲಿಲ್ಲ. 'ಕಾಲು ಊದಿದರೆ ಕಿಡ್ನಿ ಕೆಟ್ಟಿತೆಂದೇ ಅರ್ಥ' ಎಂದು ನೆರೆಯವರು ಹೇಳಿದ್ದರಿಂದ ತಾಯಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ, ಅಡುಗೆಗೆ ಸೈಂಧವ ಲವಣ ಹಾಕುತ್ತಿದ್ದಾರೆ. ಕಿಡ್ನಿಯ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 0.9 ಬಂದಿದೆ, ಬೇರೆ ಪರೀಕ್ಷೆ ಮಾಡಿಸಿಲ್ಲ. ಲಾಸಿಕ್ಸ್ ಹೆಚ್ಚಿಸಬೇಕೇ? ಕಾಲಿಗೆ ಬಿಗಿ ಚೀಲ ಹಾಕಬಹುದೇ? ಮುಂದಿನ ತಿಂಗಳು ಬಸ್ಸಿನಲ್ಲಿ ತಿರುಪತಿಗೆ ಹೋಗಬೇಕೆಂದಿದ್ದಾರೆ, ಕಳಿಸಬಹುದೇ?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಈ ಊತವು ಕಿಡ್ನಿಯೋ ಹೃದಯವೋ ಸೋಲುತ್ತಿರುವುದರ ಸೂಚನೆಯಾಗಿರಬಹುದೇ ಎಂಬುದು ಮೊದಲನೆಯದು. ಮಾತ್ರೆ ಕೊಟ್ಟರೂ ಊತ ಇಳಿಯದಿರುವುದರಿಂದ ಅದನ್ನು ಹೆಚ್ಚಿಸಬೇಕೇ ಎಂಬುದು ಎರಡನೆಯದು. ನೀವು ಬರೆದಿರುವ ವಿವರಗಳನ್ನು ನೋಡಿದರೆ ಮೊದಲನೆಯ ಸಾಧ್ಯತೆ ನೀವು ಹೆದರಿರುವಷ್ಟು ದೊಡ್ಡದಲ್ಲ, ಆದರೂ ಕೆಲವು ಪರೀಕ್ಷೆ ಮಾಡಿಸದೆ ಅದನ್ನು ತಳ್ಳಿಹಾಕುವಂತಿಲ್ಲ. ಎರಡನೆಯದಕ್ಕೆ ನನ್ನ ಉತ್ತರ ಸ್ಪಷ್ಟವಾಗಿದೆ: ಸದ್ಯಕ್ಕೆ ಹೆಚ್ಚಿಸಬೇಡಿ. ನಿಮ್ಮ ತಾಯಿಯವರ ವಿಷಯದಲ್ಲಿ ನನಗೆ ಊತಕ್ಕಿಂತ ಹೆಚ್ಚು ಕಳವಳ ತಂದಿರುವುದು ಅವರು ರಾತ್ರಿ ಬಿದ್ದದ್ದು. 74ರ ವಯಸ್ಸಿನಲ್ಲಿ ಕಾಲಿನ ಊತದೊಂದಿಗೆ ವರ್ಷಗಟ್ಟಲೆ ಬದುಕಬಹುದು. ಸೊಂಟದ ಮೂಳೆ ಮುರಿದರೆ ಬದುಕೇ ಹಾಸಿಗೆಗೆ ಸೀಮಿತವಾಗಬಹುದು.

ಕಾಲು ಏಕೆ ಊದುತ್ತದೆ ಎಂಬುದನ್ನು ಮೊದಲು ತಿಳಿದರೆ ಮುಂದಿನ ಮಾತುಗಳು ಸುಲಭವಾಗುತ್ತವೆ. ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳಿಂದ ಸ್ವಲ್ಪ ನೀರಿನಂಶ ಸದಾ ಹೊರಗೆ ಜಿನುಗುತ್ತಿರುತ್ತದೆ. ಅದರಲ್ಲಿ ಒಂದು ಭಾಗ ರಕ್ತಕ್ಕೇ ಮರಳುತ್ತದೆ, ಉಳಿದದ್ದನ್ನು ದುಗ್ಧರಸ ನಾಳಗಳು ಹೊತ್ತೊಯ್ಯುತ್ತವೆ. ಒಳಗಿನಿಂದ ನೂಕುವ ರಕ್ತದ ಒತ್ತಡ ಮತ್ತು ನೀರನ್ನು ಒಳಗೇ ಹಿಡಿದಿಡುವ ರಕ್ತದ ಪ್ರೋಟೀನು ಇವುಗಳ ನಡುವಿನ ಈ ಸಮತೋಲನವನ್ನು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ವಿವರಿಸಿದರು. ಒತ್ತಡ ಹೆಚ್ಚಾದರೂ, ಪ್ರೋಟೀನು ಕಡಿಮೆಯಾದರೂ, ನಾಳದ ಗೋಡೆ ಸಡಿಲವಾದರೂ, ದುಗ್ಧರಸದ ದಾರಿ ಕಟ್ಟಿಕೊಂಡರೂ ನೀರು ಚರ್ಮದ ಕೆಳಗೆ ನಿಲ್ಲುತ್ತದೆ. ಅದು ಕಾಲಿನಲ್ಲೇ ಮೊದಲು ಕಾಣಿಸುವುದಕ್ಕೆ ಭೂಮಿಯ ಸೆಳೆತವೇ ಕಾರಣ. ಅಲುಗಾಡದೆ ನಿಂತ ವ್ಯಕ್ತಿಯ ಹರಡಿನ ಬಳಿ, ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿಯೊಳಗಿನ ಒತ್ತಡ ಸುಮಾರು 90 ಮಿ.ಮೀ. ಪಾದರಸದಷ್ಟಿರುತ್ತದೆ, ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಹಿಂಡುವುದರಿಂದ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಮಂಡಿನೋವಿನಿಂದ ನಡೆಯದೆ ಕಾಲು ಇಳಿಬಿಟ್ಟು ದಿನವಿಡೀ ಕೂರುವವರಿಗೆ ಈ ಹಿಂಡುವ ಕೆಲಸವೇ ನಿಂತುಹೋಗಿರುತ್ತದೆ. ವಯಸ್ಸಾದಂತೆ ಅಭಿಧಮನಿಗಳ ಒಳಗಿನ ಕವಾಟಗಳೂ ಸಡಿಲವಾಗುತ್ತವೆ. ಆದುದರಿಂದ ಹಿರಿಯರ ಕಾಲಿನ ಊತಕ್ಕೆ ಒಂದೇ ಕಾರಣವಿರುವುದು ಅಪರೂಪ. ಎರಡು ಮೂರು ಸಣ್ಣ ಕಾರಣಗಳು ಸೇರಿ ದೊಡ್ಡ ಊತವಾಗಿರುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ನಿಮ್ಮ ತಾಯಿಯವರಲ್ಲಿ ಅಂಥ ಮೂರು ಕಾರಣಗಳು ಪತ್ರದಲ್ಲೇ ಕಾಣುತ್ತಿವೆ. ಅಮ್ಲೋಡಿಪಿನ್, ನೋವಿನ ಮಾತ್ರೆ ಮತ್ತು ಕುರ್ಚಿ.

ಅಮ್ಲೋಡಿಪಿನ್ ಒಳ್ಳೆಯ ಔಷಧ. ಅಗ್ಗ, ದಿನಕ್ಕೊಂದು ಸಾಕು, ಪಾರ್ಶ್ವವಾಯುವಿನ ಅಪಾಯವನ್ನು ನಿಜವಾಗಿಯೂ ತಗ್ಗಿಸುತ್ತದೆ. ಅದರ ಮೇಲೆ ದೂರು ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ಅದು ಕೆಲಸ ಮಾಡುವ ಬಗೆಯಲ್ಲೇ ಊತದ ಮೂಲವಿದೆ. ರಕ್ತವನ್ನು ತರುವ ಸಣ್ಣ ಅಪಧಮನಿಗಳನ್ನು ಅದು ಹಿಗ್ಗಿಸುತ್ತದೆ, ರಕ್ತವನ್ನು ಮರಳಿ ಒಯ್ಯುವ ಅಭಿಧಮನಿಗಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ಕೆರೆಯ ತೂಬನ್ನು ಅಗಲವಾಗಿ ತೆರೆದು, ಗದ್ದೆಯಿಂದ ನೀರು ಹೊರಹೋಗುವ ಬಸಿಗಾಲುವೆಯನ್ನು ಮೊದಲಿನಷ್ಟೇ ಕಿರಿದಾಗಿ ಬಿಟ್ಟರೆ ಗದ್ದೆಯಲ್ಲಿ ನೀರು ನಿಲ್ಲುವಂತೆ, ಇಲ್ಲಿ ನೀರು ಅಂಗಾಂಶದಲ್ಲಿ ನಿಲ್ಲುತ್ತದೆ. ಪ್ರಮಾಣ ಹೆಚ್ಚಿದಂತೆ ಊತವೂ ಹೆಚ್ಚುತ್ತದೆ: ಈ ಔಷಧದ ಅಧಿಕೃತ ಮಾಹಿತಿಯ ಪ್ರಕಾರ 5 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ, 10 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಊತ ಕಂಡುಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಪಟ್ಟಿಗಿಂತ ಹೆಚ್ಚು. ಮಾತ್ರೆಯನ್ನು 10ಕ್ಕೆ ಏರಿಸಿದ ಒಂದೆರಡು ತಿಂಗಳಲ್ಲಿ, ಎರಡೂ ಕಾಲುಗಳಲ್ಲಿ, ಬೆಳಿಗ್ಗೆ ಕಡಿಮೆ ಸಂಜೆ ಹೆಚ್ಚು ಎಂಬ ಕ್ರಮದಲ್ಲಿ ಬಂದ ಊತವನ್ನು ನೋಡಿದಾಗ ವೈದ್ಯರಾದವರು ಮೊದಲು ಸಂಶಯಿಸಬೇಕಾದದ್ದು ಈ ಮಾತ್ರೆಯನ್ನೇ.

ಇಲ್ಲಿಯೇ ಲಾಸಿಕ್ಸ್ ಪ್ರಶ್ನೆ ಬರುತ್ತದೆ. ಲಾಸಿಕ್ಸ್, ಅಂದರೆ ಫ್ಯೂರೋಸೆಮೈಡ್, ಕಿಡ್ನಿಯ ಮೂಲಕ ಉಪ್ಪನ್ನೂ ನೀರನ್ನೂ ಹೊರಹಾಕುತ್ತದೆ. ಹೃದಯ ಸೋತು ದೇಹದಲ್ಲಿ ಒಟ್ಟಾರೆ ನೀರು ಹೆಚ್ಚಾಗಿದ್ದರೆ ಅದರಷ್ಟು ಉಪಕಾರಿಯಾದ ಮಾತ್ರೆ ಬೇರೊಂದಿಲ್ಲ. ರಾತ್ರಿಯೆಲ್ಲ ದಮ್ಮು ಕಟ್ಟಿ ಕುಳಿತವರು ಅದರಿಂದ ಮಲಗಿ ನಿದ್ರಿಸಿದ್ದನ್ನು ಪ್ರತಿಯೊಬ್ಬ ವೈದ್ಯನೂ ನೋಡಿರುತ್ತಾನೆ. ಆದರೆ ಅಮ್ಲೋಡಿಪಿನ್‌ನಿಂದ ಬಂದ ಊತದಲ್ಲಿ ದೇಹದ ಒಟ್ಟು ನೀರು ಹೆಚ್ಚಾಗಿರುವುದಿಲ್ಲ, ಇರುವ ನೀರು ಕಾಲಿನಲ್ಲಿ ಸ್ಥಳ ಬದಲಿಸಿರುತ್ತದೆ ಅಷ್ಟೆ. ಅಲ್ಲಿ ಲಾಸಿಕ್ಸ್ ಕೊಟ್ಟರೆ ರಕ್ತನಾಳದೊಳಗಿನ ನೀರು ಕಡಿಮೆಯಾಗುತ್ತದೆ, ಕಾಲಿನದು ಬಹುಪಾಲು ಹಾಗೆಯೇ ಉಳಿಯುತ್ತದೆ. ನಿಮ್ಮ ತಾಯಿಯವರಿಗೆ ಆಗಿರುವುದು ಇದೇ ಎಂದು ನನಗೆ ತೋರುತ್ತದೆ. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ಬಗೆದು ಎರಡನೆಯ ಔಷಧ, ಅದರಿಂದ ಪೊಟ್ಯಾಸಿಯಂ ಇಳಿಯಿತೆಂದು ಮೂರನೆಯದು, ಯೂರಿಕ್ ಆಸಿಡ್ ಏರಿ ಹೆಬ್ಬೆರಳು ನೋಯಿತೆಂದು ನಾಲ್ಕನೆಯದು, ಹೀಗೆ ಹಿರಿಯರ ಮಾತ್ರೆಯ ಡಬ್ಬಿ ತುಂಬುತ್ತಾ ಹೋಗುವುದನ್ನು ನಾವು ದಿನನಿತ್ಯ ನೋಡುತ್ತೇವೆ. ಯಾರ ದುರುದ್ದೇಶವೂ ಇದರಲ್ಲಿ ಇರುವುದಿಲ್ಲ. ಒಂದು ಮಾತ್ರೆ ಬರೆಯಲು ಒಂದು ನಿಮಿಷ ಸಾಕು. ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ಯಾವುದು ಯಾವಾಗ ಶುರುವಾಯಿತು ಎಂದು ಕೇಳಲು ಅರ್ಧ ಗಂಟೆ ಬೇಕು, ತುಂಬಿದ ಹೊರರೋಗಿ ವಿಭಾಗದಲ್ಲಿ ಆ ಅರ್ಧ ಗಂಟೆ ಸಿಗುವುದಿಲ್ಲ.

ಲಾಸಿಕ್ಸ್ ಅನ್ನು ರಾತ್ರಿ ತೆಗೆದುಕೊಳ್ಳುತ್ತಿರುವುದು ಇನ್ನೂ ಅಪಾಯಕಾರಿ. ಲಾಸಿಕ್ಸ್‌ನ ಪ್ರಭಾವ ಸುಮಾರು 6 ಗಂಟೆಗಳ ಕಾಲ ಇರುತ್ತದೆ. ಊಟದ ನಂತರ ನುಂಗಿದರೆ ಆ ಆರು ಗಂಟೆ ನಿದ್ದೆಯ ಹೊತ್ತಿಗೇ ಬೀಳುತ್ತದೆ. ಕತ್ತಲೆಯಲ್ಲಿ, ನಿದ್ದೆಗಣ್ಣಿನಲ್ಲಿ, ರಕ್ತನಾಳಗಳಲ್ಲಿ ನೀರು ಕಡಿಮೆಯಾಗಿರುವಾಗ ದಿಢೀರನೆ ಎದ್ದು ನಿಂತರೆ ಬಿ.ಪಿ. ಕುಸಿದು ತಲೆ ಸುತ್ತುತ್ತದೆ. ಇದಕ್ಕೆ ಜೊತೆಯಾಗಿ ಅವರು ನೀರನ್ನೂ ಕಡಿಮೆ ಮಾಡಿದ್ದಾರೆ. ಮೊದಲ ಕೆಲಸವಾಗಿ ಒಂದು ರಾತ್ರಿಯ ಲಾಸಿಕ್ಸ್ ಮಾತ್ರೆಯನ್ನು ಬಿಟ್ಟು, ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅದನ್ನು ಬದಲಾಯಿಸಲು ನಿಮ್ಮ ವೈದ್ಯರಿಗೆ ಇವತ್ತೇ ಫೋನ್ ಮಾಡಿ ಕೇಳಿ. ಮಲಗಿದ್ದಾಗ ಮತ್ತು ಎದ್ದು ನಿಂತು ಒಂದು ಹಾಗೂ ಮೂರು ನಿಮಿಷಗಳಾದಾಗ ಬಿ.ಪಿ. ನೋಡಿಸಿ, ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ ಬಿದ್ದ ಕಾರಣ ಅಲ್ಲಿಯೇ ಸಿಕ್ಕಂತೆ. ಬಿದ್ದಾಗ ತಲೆಗೆ ಪೆಟ್ಟಾಗಿತ್ತೇ ಎಂಬುದನ್ನೂ ವಿಚಾರಿಸಿ. ಹಿರಿಯರಲ್ಲಿ ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಸೇರಿ ವಾರಗಳ ನಂತರ ತಲೆನೋವು, ಮಂಕು, ನಡಿಗೆಯ ತಡವರಿಕೆ ಕಾಣಿಸಿಕೊಳ್ಳಬಹುದು. ಹಾಗಾದರೆ ತಡಮಾಡದೆ ಸ್ಕ್ಯಾನ್ ಮಾಡಿಸಬೇಕು.

ಎರಡನೆಯ ಕಾರಣ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತವೆ. ಅದರಿಂದ ಕಾಲೂ ಊದುತ್ತದೆ, ಬಿ.ಪಿ.ಯೂ ಏರುತ್ತದೆ. ಏಳೆಂಟು ತಿಂಗಳ ಹಿಂದೆ ಬಿ.ಪಿ. ಏರಿದ್ದಕ್ಕೇ ಈ ಮಾತ್ರೆ ಒಂದು ಕಾರಣವಾಗಿತ್ತೇ ಎಂಬುದು ನನಗಿರುವ ಅನುಮಾನ; ನೋವಿನ ಮಾತ್ರೆ ಯಾವಾಗ ಶುರುವಾಯಿತು ಎಂದು ತಾಯಿಯವರನ್ನು ಕೇಳಿ ನೋಡಿ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವುದರಿಂದ ಜನ ಇದನ್ನು ಔಷಧವೆಂದೇ ಲೆಕ್ಕಿಸುವುದಿಲ್ಲ, ವೈದ್ಯರಿಗೆ ಹೇಳುವುದೂ ಇಲ್ಲ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಮಂಡಿನೋವಿನ ಪುಡಿಗಳನ್ನೂ ಇದೇ ಸಾಲಿಗೆ ಸೇರಿಸುತ್ತೇನೆ, ಏಕೆಂದರೆ ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾಗಿದೆ, ಸ್ಟೀರಾಯ್ಡ್ ಕೂಡ ದೇಹದಲ್ಲಿ ಉಪ್ಪುನೀರನ್ನು ನಿಲ್ಲಿಸುತ್ತದೆ. ನರದ ನೋವಿಗೆ ಕೊಡುವ ಪ್ರೆಗಾಬಲಿನ್, ಗ್ಯಾಬಪೆಂಟಿನ್, ಸಕ್ಕರೆ ಕಾಯಿಲೆಗೆ ಕೊಡುವ ಪಯೋಗ್ಲಿಟಜೋನ್ ಇವೂ ಕಾಲು ಊದಿಸಬಲ್ಲವು. ನಿಮ್ಮ ತಾಯಿಯವರ ಮಂಡಿಗೆ ಪ್ಯಾರಾಸಿಟಮಾಲ್ ಮತ್ತು ಹಚ್ಚುವ ಡೈಕ್ಲೋಫೆನಾಕ್ ಜೆಲ್ ಎರಡೂ ಇದಕ್ಕಿಂತ ಸುರಕ್ಷಿತ. ಪ್ಯಾರಾಸಿಟಮಾಲ್ ಮಾತ್ರೆಯ ದಿನದ ಒಟ್ಟು ಪ್ರಮಾಣ ಈ ವಯಸ್ಸಿನಲ್ಲಿ 3 ಗ್ರಾಂ ದಾಟದಿರಲಿ.

ಇನ್ನು ನೆರೆಯವರ ಮಾತು. ಕಾಲು ಊದಿದರೆ ಕಿಡ್ನಿ ಕೆಟ್ಟಿತು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಹಿರಿಯರು ಊತವನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿಟ್ಟುಕೊಂಡು ಮಕ್ಕಳಿಗೆ ಹೇಳದೆ ತಿಂಗಳುಗಟ್ಟಲೆ ಕೊರಗುತ್ತಾರೆ. ಕಿಡ್ನಿ ಕಾಯಿಲೆಯಲ್ಲಿ ಊತ ಬರುವುದು ನಿಜ. ಮೂತ್ರದಲ್ಲಿ ಪ್ರೋಟೀನು ಸೋರುವ ಕಾಯಿಲೆಯಲ್ಲಿ ಅದು ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತಲೂ ಕಾಣಿಸುತ್ತದೆ, ಮೂತ್ರದಲ್ಲಿ ಬೇಗ ಆರದ ನೊರೆ ಇರುತ್ತದೆ. ಆದರೆ ಕಿಡ್ನಿ ಬಹಳಷ್ಟು ಹಾಳಾದ ಮೇಲೂ ಕಾಲು ಊದದೆ ಇರುವವರಿದ್ದಾರೆ, ಕಿಡ್ನಿ ಚೆನ್ನಾಗಿದ್ದೂ ಕಾಲು ಊದಿದವರು ಅದಕ್ಕಿಂತ ಹೆಚ್ಚಿದ್ದಾರೆ. ಕ್ರಿಯಾಟಿನಿನ್ 0.9 ಎಂಬುದು ಸಮಾಧಾನದ ಸಂಗತಿ, ಆದರೆ ಅದೊಂದೇ ಸಾಲದು. ಮೈಯಲ್ಲಿ ಮಾಂಸ ಕಡಿಮೆಯಾದ ಹಿರಿಯರಲ್ಲಿ ಕ್ರಿಯಾಟಿನಿನ್ ಕಡಿಮೆ ಉತ್ಪತ್ತಿಯಾಗುವುದರಿಂದ ಕಿಡ್ನಿಯ ಶಕ್ತಿ ಕುಂದಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿರುವುದನ್ನಂತೂ ಅದು ತಿಳಿಸುವುದೇ ಇಲ್ಲ. ಒಂದು ಸಾಮಾನ್ಯ ಮೂತ್ರ ಪರೀಕ್ಷೆ ಮತ್ತು ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಮಾಡಿಸಿ (ಅಲ್ಬುಮಿನ್ ಎಂದರೆ ರಕ್ತದ ಮುಖ್ಯ ಪ್ರೋಟೀನು). ಅವೆರಡೂ ಸರಿಯಿದ್ದರೆ ಕಿಡ್ನಿಯಿಂದ ಊತ ಬಂದಿದೆಯೆಂಬ ಭಯವನ್ನು ಮನೆಯಿಂದ ಕಳಿಸಬಹುದು. ಹೀಗೆ ಹೆದರಿ ನೀರು ಬಿಡುವುದು, ನೋವಿನ ಮಾತ್ರೆ ಮಾತ್ರ ಬಿಡದಿರುವುದು, ಇದರಿಂದ ಇರುವ ಒಳ್ಳೆಯ ಕಿಡ್ನಿಗೇ ಪೆಟ್ಟು ಬೀಳುತ್ತದೆ ಎಂಬುದನ್ನು ಅವರಿಗೆ ಮೆಲ್ಲಗೆ ತಿಳಿಸಿ ಹೇಳಬೇಕು.

ಹೃದಯದ ವಿಷಯವನ್ನು ನಾನು ಇಷ್ಟು ಸುಲಭವಾಗಿ ಬಿಡಲಾರೆ. ಬಹಳ ವರ್ಷಗಳಿಂದ ಬಿ.ಪಿ. ಇರುವ, ಎಪ್ಪತ್ತು ದಾಟಿದ ಹೆಂಗಸರಲ್ಲಿ ಹೃದಯದ ಸ್ನಾಯು ದಪ್ಪವಾಗಿ ಪೆಡಸಾಗುವುದು ಸಾಮಾನ್ಯ. ಅದು ಸಂಕುಚಿಸುವುದು ಸರಿಯಿರುತ್ತದೆ, ಸಡಿಲಗೊಂಡು ರಕ್ತವನ್ನು ತುಂಬಿಕೊಳ್ಳುವುದು ಸರಿಯಿರುವುದಿಲ್ಲ. ಇಂಥವರ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ಪಂಪಿಂಗ್ ನೂರಕ್ಕೆ 60 ಎಂದು ಬಂದಿರುವುದನ್ನು ನೋಡಿ ಮನೆಯವರು ನಿಶ್ಚಿಂತರಾಗುತ್ತಾರೆ, ಆದರೆ ಆ ಒಂದು ಅಂಕಿಯಿಂದ ಹೃದಯದ ಸೋಲನ್ನು ಅಲ್ಲಗಳೆಯಲಾಗದು. ಅದಕ್ಕಿಂತ ತಾಯಿಯವರ ಬಾಯಿಂದ ಬರುವ ಉತ್ತರಗಳು ಹೆಚ್ಚು ಹೇಳುತ್ತವೆ. ಮೊದಲು ಒಂದು ದಿಂಬಿನಲ್ಲಿ ಮಲಗುತ್ತಿದ್ದವರು ಈಗ ಎರಡು ಮೂರು ದಿಂಬು ಕೇಳುತ್ತಿದ್ದಾರೆಯೇ? ನಡುರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕಿಟಕಿಯ ಬಳಿ ಕೂರುತ್ತಾರೆಯೇ? ಸ್ನಾನ ಮಾಡಿ ಬಂದರೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಮೂರು ದಿನಗಳಲ್ಲಿ 2 ಕಿಲೋದಷ್ಟು ತೂಕ ಏರಿದ್ದುಂಟೇ? ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂಬ ಉತ್ತರ ಬಂದರೆ ನಾನು ಮೇಲೆ ಲಾಸಿಕ್ಸ್ ಬಗ್ಗೆ ಹೇಳಿದ್ದೆಲ್ಲ ತಲೆಕೆಳಗಾಗುತ್ತದೆ. ಆಗ ಆ ಮಾತ್ರೆ ಅವರಿಗೆ ಬೇಕಾದದ್ದೇ, ಅದನ್ನು ನೀವಾಗಿ ನಿಲ್ಲಿಸುವುದು ಅಪಾಯ. ಎಲ್ಲಕ್ಕೂ ಇಲ್ಲವೆಂದರೂ ಒಂದು ಇ.ಸಿ.ಜಿ., ಒಂದು ಎಕೋ ಮಾಡಿಸಿ. ಅನುಮಾನ ಉಳಿದರೆ ಎನ್‌ಟಿ-ಪ್ರೋಬಿಎನ್‌ಪಿ ಎಂಬ ರಕ್ತ ಪರೀಕ್ಷೆಯಿದೆ. ಹೊರರೋಗಿಗಳಲ್ಲಿ ಅದು 125ಕ್ಕಿಂತ ಕಡಿಮೆ ಬಂದರೆ ಹೃದಯದ ಸೋಲು ಇರುವ ಸಾಧ್ಯತೆ ಕಡಿಮೆ. ವಯಸ್ಸಿನಿಂದಲೂ ಅದು ಏರುವುದರಿಂದ, ಹೆಚ್ಚು ಬಂದ ಮಾತ್ರಕ್ಕೆ ಕಾಯಿಲೆ ಇದೆಯೆಂದು ಹೇಳಲು ಬರುವುದಿಲ್ಲ.

ಅದೇ ರಕ್ತದಲ್ಲಿ ಹಿಮೋಗ್ಲೋಬಿನ್, ಸೋಡಿಯಂ, ಪೊಟ್ಯಾಸಿಯಂ, ಅಲ್ಬುಮಿನ್ ಮತ್ತು ಟಿ.ಎಸ್.ಎಚ್. ನೋಡಿಸಿದರೆ ಯಕೃತ್ತು, ಪೌಷ್ಟಿಕತೆ, ಥೈರಾಯ್ಡ್ ಇವುಗಳ ಪ್ರಶ್ನೆಗೂ ಬಹುಮಟ್ಟಿಗೆ ಉತ್ತರ ಸಿಗುತ್ತದೆ. ಅಲ್ಬುಮಿನ್ 3.5ರ ಬದಲು 3.2 ಬಂದರೆ ಅದನ್ನೇ ಊತದ ಕಾರಣವೆಂದು ಪ್ರೋಟೀನು ಪುಡಿಯ ಡಬ್ಬಿ ಕೊಳ್ಳಲು ಓಡಬೇಡಿ. ಅದು ಒಂದೇ ಕಾರಣವಾಗಿ ಕಾಲು ಊದಬೇಕಾದರೆ ಇನ್ನೂ ಬಹಳ ಕೆಳಗೆ ಇಳಿದಿರಬೇಕು. ಬರೀ ಅನ್ನ, ತಿಳಿಸಾರು, ಮಜ್ಜಿಗೆಯಲ್ಲೇ ದಿನ ಕಳೆಯುವ ಹಿರಿಯರಿಗೆ ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಇವು ಬೇಕೇ ಬೇಕು, ಆದರೆ ಅದು ಸ್ನಾಯುಗಳ ಬಲಕ್ಕಾಗಿ. ಆನೆಕಾಲು ರೋಗದ ಬಗ್ಗೆಯೂ ಕೆಲವರು ಕೇಳುತ್ತಾರೆ. ಕರ್ನಾಟಕದಲ್ಲಿ ಅದು ಹೆಚ್ಚಾಗಿ ಕರಾವಳಿ ಜಿಲ್ಲೆಗಳಲ್ಲಿ ಮತ್ತು ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ, ಬಾಗಲಕೋಟೆ ಕಡೆ ಕಂಡುಬಂದ ಕಾಯಿಲೆ. ಅದರಲ್ಲಿ ಚರ್ಮ ದಪ್ಪವಾಗಿ ಒರಟಾಗುತ್ತದೆ, ಬೆರಳಿನಿಂದ ಒತ್ತಿದರೆ ಕುಳಿ ಬೀಳದ ಹಂತಕ್ಕೆ ಹೋಗುತ್ತದೆ, ರಾತ್ರಿಯ ವಿಶ್ರಾಂತಿಯಿಂದ ಇಳಿಯುವುದಿಲ್ಲ. ನಿಮ್ಮ ವಿವರಕ್ಕೆ ಅದು ಹೊಂದುವುದಿಲ್ಲ.

ಎಡಗಾಲಿನಲ್ಲಿ ಸ್ವಲ್ಪ ಹೆಚ್ಚು ಎಂದು ಬರೆದಿದ್ದೀರಿ. ಎಡಗಾಲಿನಿಂದ ರಕ್ತ ಒಯ್ಯುವ ದೊಡ್ಡ ಅಭಿಧಮನಿಯ ಮೇಲೆ ಹೊಟ್ಟೆಯ ಕೆಳಭಾಗದಲ್ಲಿ ಬಲಗಡೆಯ ಅಪಧಮನಿ ಹಾದುಹೋಗುವುದರಿಂದ ಎಡಗಾಲು ತುಸು ಹೆಚ್ಚು ಊದುವುದು ಅಸಹಜವಲ್ಲ. ಹಾಗೆಂದು ಊಹೆಯ ಮೇಲೆ ಬಿಡಬೇಡಿ, ಅಳೆಯಿರಿ. ಮಂಡಿಚಿಪ್ಪಿನ ಕೆಳಗೆ ಮೊಣಕಾಲ ಮೂಳೆಯ ಉಬ್ಬು ಕೈಗೆ ಸಿಗುತ್ತದೆ. ಅಲ್ಲಿಂದ 10 ಸೆಂ.ಮೀ. ಕೆಳಗೆ ಎರಡೂ ಮೀನಖಂಡಗಳ ಸುತ್ತಳತೆಯನ್ನು ಹೊಲಿಗೆಯ ಟೇಪಿನಿಂದ ನೋಡಿ. ವ್ಯತ್ಯಾಸ 3 ಸೆಂ.ಮೀ.ಗಿಂತ ಹೆಚ್ಚಿದ್ದರೆ, ಅಥವಾ ಒಂದೇ ಕಾಲು ಒಂದೆರಡು ದಿನಗಳಲ್ಲಿ ಊದಿ ಮೀನಖಂಡ ನೋಯುತ್ತಿದ್ದರೆ, ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಡಾಪ್ಲರ್ ಸ್ಕ್ಯಾನ್ (ನಾಳದೊಳಗಿನ ರಕ್ತದ ಹರಿವನ್ನು ನೋಡುವ ಪರೀಕ್ಷೆ) ಆಗಬೇಕು, ಆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬಾರದು, ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ದಿಢೀರ್ ಉಸಿರಾಟದ ತೊಂದರೆ, ಎದೆನೋವು, ಕಾಲು ಕೆಂಪಾಗಿ ಬಿಸಿಯಾಗಿ ಚಳಿಜ್ವರ ಬರುವುದು, ಮೂತ್ರ ತೀರಾ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಈಗ ನಿಮ್ಮ ಮುಂದಿರುವ ದಾರಿಗಳು. ಅಮ್ಲೋಡಿಪಿನ್ ನಿಲ್ಲಿಸಿಬಿಡೋಣ ಎಂದು ನಿಮಗೆ ಈಗಾಗಲೇ ಅನಿಸಿರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಬದಲಿ ಇಲ್ಲದೆ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಬಿ.ಪಿ. ಏರಿ ಪಾರ್ಶ್ವವಾಯುವಿಗೆ ದಾರಿಯಾಗಬಹುದು. ವೈದ್ಯರೊಡನೆ ಮಾತಾಡಿ ಮಾಡಬಹುದಾದದ್ದು ಮೂರು. ಪ್ರಮಾಣವನ್ನು ಮತ್ತೆ 5ಕ್ಕೆ ಇಳಿಸುವುದು. ನೋವಿನ ಮಾತ್ರೆ ನಿಂತರೆ ಬಿ.ಪಿ. ತಾನೇ ಸ್ವಲ್ಪ ಇಳಿಯುವುದರಿಂದ ಅಷ್ಟೇ ಸಾಕಾಗಲೂಬಹುದು, ಆದರೆ ಎರಡು ಮೂರು ವಾರ ಮನೆಯಲ್ಲಿ ಬಿ.ಪಿ. ಬರೆದಿಡಬೇಕು. ಎರಡನೆಯದು ಸಿಲ್ನಿಡಿಪಿನ್‌ಗೆ ಬದಲಾಯಿಸುವುದು. ಅದೂ ಅದೇ ಜಾತಿಯ ಔಷಧ, ಊತ ಕಡಿಮೆ. ಆದರೆ ಅಮ್ಲೋಡಿಪಿನ್‌ಗೆ ಇರುವಷ್ಟು ದೀರ್ಘಕಾಲದ ಪುರಾವೆ ಅದಕ್ಕಿಲ್ಲ, ಕೆಲವರಲ್ಲಿ ಅದರಿಂದಲೂ ಕಾಲು ಊದುತ್ತದೆ. ಮೂರನೆಯದು 5 ಮಿ.ಗ್ರಾಂ. ಅಮ್ಲೋಡಿಪಿನ್ ಜೊತೆಗೆ ಟೆಲ್ಮಿಸಾರ್ಟಾನ್‌ನಂಥ ಔಷಧವನ್ನು ಸೇರಿಸುವುದು. ಅದು ಅಭಿಧಮನಿಗಳನ್ನೂ ಹಿಗ್ಗಿಸುವುದರಿಂದ ಬಿ.ಪಿ.ಯೂ ಹಿಡಿತಕ್ಕೆ ಬರುತ್ತದೆ, ಊತವೂ ತಗ್ಗುತ್ತದೆ. ನಾನಾದರೆ ಇದನ್ನೇ ಮೊದಲು ಆಲೋಚಿಸುತ್ತಿದ್ದೆ. ಆದರೆ ಒಂದು ಎಚ್ಚರಿಕೆ ಇಲ್ಲಿ ಅತ್ಯಗತ್ಯ. ಟೆಲ್ಮಿಸಾರ್ಟಾನ್, ಲಾಸಿಕ್ಸ್ ಮತ್ತು ನೋವಿನ ಮಾತ್ರೆ ಈ ಮೂರೂ ಒಟ್ಟಿಗೆ ಹೊಟ್ಟೆಗೆ ಹೋದರೆ ಕಿಡ್ನಿ ಥಟ್ಟನೆ ಕೆಲಸ ನಿಲ್ಲಿಸುವ ಸಂಭವವಿದೆ, ಮೈಯಲ್ಲಿ ನೀರು ಕಡಿಮೆಯಿದ್ದರಂತೂ ಇನ್ನೂ ಹೆಚ್ಚು. ನೋವಿನ ಮಾತ್ರೆ ಪೂರ್ತಿ ನಿಂತ ಮೇಲೆಯೇ ಇದನ್ನು ಶುರುಮಾಡಬೇಕು, ಶುರುಮಾಡಿದ ಒಂದೆರಡು ವಾರಗಳಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿಸಬೇಕು, ವಾಂತಿಭೇದಿಯಾದ ದಿನಗಳಲ್ಲಿ ವೈದ್ಯರನ್ನು ಕೇಳಿ ತಾತ್ಕಾಲಿಕವಾಗಿ ನಿಲ್ಲಿಸಬೇಕು.

ಉಪ್ಪಿನ ವಿಷಯದಲ್ಲಿ ತಾಯಿಯವರ ಕಾಳಜಿ ಸರಿಯಾದದ್ದೇ, ಮಾರ್ಗ ಮಾತ್ರ ಸರಿಯಿಲ್ಲ. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ. ದೇಹದಲ್ಲಿ ನೀರು ನಿಲ್ಲಿಸುವುದರಲ್ಲಿ ಅದಕ್ಕೂ ಪುಡಿಯುಪ್ಪಿಗೂ ಭೇದವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚೆಯೊಳಗೆ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಉಪ್ಪು ಸವರಿ ಒಣಗಿಸಿದ ಮಜ್ಜಿಗೆ ಮೆಣಸಿನಕಾಯಿ ಎಲ್ಲವೂ ಸೇರಿ. ಸಾರಿನ ಉಪ್ಪನ್ನು ಚಿಟಿಕೆ ಕಡಿಮೆ ಮಾಡಿ ಎರಡು ಹೋಳು ಉಪ್ಪಿನಕಾಯಿ ಬಡಿಸಿಕೊಂಡರೆ ಪ್ರಯೋಜನವಿಲ್ಲ. ಸೋಡಿಯಂ ಕಡಿಮೆ ಎಂದು ಪೊಟ್ಟಣದ ಮೇಲೆ ಬರೆದ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟಾನ್ ಶುರುವಾದರೆ ಅದನ್ನು ವೈದ್ಯರನ್ನು ಕೇಳದೆ ಬಳಸಕೂಡದು. ನೀರನ್ನು, ಹೃದಯದ ಅಥವಾ ಸೋಡಿಯಂ ಇಳಿದ ಕಾರಣಕ್ಕೆ ವೈದ್ಯರೇ ಮಿತಿ ಹಾಕದಿದ್ದರೆ, ಬಾಯಾರಿಕೆಗೆ ತಕ್ಕಷ್ಟು ಕುಡಿಯಲಿ. ಬಾರ್ಲಿ ನೀರು ಇಷ್ಟವಾದರೆ ಕುಡಿಯಲಿ, ಅದರಿಂದ ಊತ ಇಳಿಯುತ್ತದೆಂದು ಮಾತ್ರ ನಂಬಬೇಡಿ.

ಕುರ್ಚಿಯ ವಿಷಯಕ್ಕೆ ಬೇಕಾದದ್ದು ಹಟ ಮತ್ತು ತಾಳ್ಮೆ. ಕಾಲಡಿಗೆ ಗಿಡ್ಡ ಸ್ಟೂಲು ಇಟ್ಟುಕೊಳ್ಳುವುದರಿಂದ ಸಿಗುವ ಲಾಭ ಅಲ್ಪ. ಮಲಗಿ, ಕಾಲಿನ ಕೆಳಗೆ ಎರಡು ದಿಂಬು ಹಾಕಿ, ಪಾದ ಹೃದಯದ ಮಟ್ಟಕ್ಕಿಂತ ಮೇಲಿರುವಂತೆ ದಿನಕ್ಕೆ ಮೂರು ಸಲ ಅರ್ಧ ಗಂಟೆ ಇಟ್ಟರೆ ಲಾಭ ಕಣ್ಣಿಗೆ ಕಾಣುತ್ತದೆ. ಹೀಗೆ ಮಲಗಿದಾಗ ದಮ್ಮು ಬರುವುದಾದರೆ ನಿಲ್ಲಿಸಿ, ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿ. ಕುಳಿತಲ್ಲೇ ಹಿಮ್ಮಡಿಯನ್ನು ಊರಿ ಮುಂಗಾಲನ್ನು ಎತ್ತುವುದು, ಮುಂಗಾಲನ್ನು ಊರಿ ಹಿಮ್ಮಡಿಯನ್ನು ಎತ್ತುವುದು, ಗಂಟೆಗೊಮ್ಮೆ ಇಪ್ಪತ್ತು ಸಲ. ಮೀನಖಂಡವನ್ನು ಕೆಲಸಕ್ಕೆ ಹಚ್ಚಲು ಇಷ್ಟೂ ಸಾಕು. ಅಂಗಳದಲ್ಲಿ ತಂದೆಯವರ ಜೊತೆ ಹತ್ತು ಹತ್ತು ನಿಮಿಷ ಅಡ್ಡಾಡಿದರೆ ಇನ್ನೂ ಒಳ್ಳೆಯದು. ಊದಿದ ಕಾಲಿನ ಚರ್ಮ ಬೇಗ ಬಿರಿಯುತ್ತದೆ. ರಾತ್ರಿ ಮಲಗುವ ಮುನ್ನ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ, ಬೆರಳ ಸಂದುಗಳನ್ನು ಮಾತ್ರ ಒಣಗಿಸಿಯೇ ಇಡಿ. ಅಲ್ಲಿ ಕೆಸರುಹುಣ್ಣಾದರೆ ಸೋಂಕು ಒಳಹೋಗುತ್ತದೆ.

ಬಿಗಿ ಕಾಲುಚೀಲ, ಅಂದರೆ ಕಂಪ್ರೆಷನ್ ಸ್ಟಾಕಿಂಗ್, ಉಬ್ಬಿದ ಅಭಿಧಮನಿಗಳು, ಹರಡಿನ ಒಳಬದಿಯಲ್ಲಿ ಕಪ್ಪಾದ ಚರ್ಮ ಇದ್ದವರಿಗೆ ಬಹಳ ಉಪಕಾರಿ. ಆದರೆ ಅದನ್ನು ಕೊಳ್ಳುವ ಮೊದಲು ವೈದ್ಯರು ಪಾದದ ನಾಡಿಯನ್ನು ಮುಟ್ಟಿ ನೋಡಲೇಬೇಕು, ನಾಡಿ ಸರಿಯಾಗಿ ಸಿಗದಿದ್ದರೆ ಹರಡಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯೊಡನೆ ಹೋಲಿಸಬೇಕು. ಕಾಲಿಗೆ ರಕ್ತ ತರುವ ಅಪಧಮನಿಯೇ ಕಟ್ಟಿಕೊಂಡಿದ್ದರೆ ಬಿಗಿ ಚೀಲದಿಂದ ಪಾದ ಕೊಳೆಯುವ ಅಪಾಯವಿದೆ. ಹೃದಯದ ಸೋಲು ಹತೋಟಿಗೆ ಬಾರದವರೂ ಹಾಕಕೂಡದು. ಮಂಡಿಯವರೆಗಿನ, 15ರಿಂದ 20 ಮಿ.ಮೀ. ಒತ್ತಡದ ಚೀಲದಿಂದ ಶುರುಮಾಡಿ, ಅಳತೆಯನ್ನು ಬೆಳಿಗ್ಗೆ ಊತ ಇಳಿದಿರುವಾಗ ಕೊಡಿ, ಹಾಸಿಗೆಯಿಂದ ಇಳಿಯುವ ಮುನ್ನ ಹಾಕಿ, ಮಲಗುವಾಗ ತೆಗೆಯಿರಿ. ಬಗ್ಗಿ ಹಾಕಿಕೊಳ್ಳಲು ಆಗದವರಿಗೆ ಮನೆಯವರ ನೆರವು ಬೇಕು. ಅದರ ಬದಲು ಕ್ರೇಪ್ ಬ್ಯಾಂಡೇಜನ್ನು ಮನಸ್ಸಿಗೆ ಬಂದಂತೆ ಸುತ್ತಿದರೆ ಮೇಲೆ ಬಿಗಿ, ಕೆಳಗೆ ಸಡಿಲವಾಗಿ ಪಾದ ಇನ್ನಷ್ಟು ಊದುತ್ತದೆ.

ತಿರುಪತಿಗೆ ಹೋಗಬಾರದೆಂದು ನಾನು ಹೇಳುವುದಿಲ್ಲ. ಆದರೆ ಹೋಗುವ ಮೊದಲು ಮೇಲಿನ ಪರೀಕ್ಷೆಗಳು ಮುಗಿದು, ನಿಂತಾಗ ಬಿ.ಪಿ. ಇಳಿಯುವುದು ಸರಿಹೋಗಿ, ತಲೆಸುತ್ತು ನಿಂತಿರಬೇಕು. 4 ಗಂಟೆಗಿಂತ ಹೆಚ್ಚು ಕಾಲ ಅಲುಗಾಡದೆ ಕುಳಿತರೆ ಹೆಪ್ಪುಗಟ್ಟುವ ಸಂಭವ ಹೆಚ್ಚುವುದರಿಂದ ಎರಡು ಗಂಟೆಗೊಮ್ಮೆ ಇಳಿದು ಅಡ್ಡಾಡುವ ಅವಕಾಶವಿರುವ ವಾಹನವಾಗಲಿ, ಅಥವಾ ರೈಲಾಗಲಿ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನೀರು ಬಿಡುವುದು, ಮಾತ್ರೆ ಬಿಡುವುದು ಎರಡೂ ಬೇಡ. ಲಾಸಿಕ್ಸ್ ಇನ್ನೂ ನಡೆಯುತ್ತಿದ್ದರೆ ಪ್ರಯಾಣದ ದಿನ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿಕೊಳ್ಳಿ. ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಿಸಬೇಡಿ, ಹಿರಿಯರಿಗೆ ಇರುವ ಪ್ರತ್ಯೇಕ ದರ್ಶನದ ವ್ಯವಸ್ಥೆಯನ್ನು ಮುಂಚಿತವಾಗಿ ವಿಚಾರಿಸಿ.

ವೈದ್ಯರ ಬಳಿ ಹೋಗುವಾಗ ತಾಯಿಯವರು ನುಂಗುವ ಎಲ್ಲವನ್ನೂ, ಅಂಗಡಿಯ ನೋವಿನ ಮಾತ್ರೆ, ಪುಡಿ, ಕಷಾಯ ಸಹಿತ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಸಾಧ್ಯವಾದರೆ ಆ ದಿನ ನೀವೇ ಜೊತೆಗಿರಿ. ಅಮ್ಲೋಡಿಪಿನ್ ಕಡಿಮೆ ಮಾಡಿದ ಒಂದೆರಡು ವಾರಗಳಲ್ಲಿ ಊತ ಇಳಿಯತೊಡಗಬೇಕು. ಹೃದಯ ಮತ್ತು ಕಿಡ್ನಿಯ ಪರೀಕ್ಷೆಗಳು ಸರಿಯಿದ್ದರೆ ಆ ಹೊತ್ತಿಗೆ ಲಾಸಿಕ್ಸ್ ಅನ್ನು 20ಕ್ಕೆ ಇಳಿಸಿ, ಆಮೇಲೆ ನಿಲ್ಲಿಸುವ ಬಗ್ಗೆ ವೈದ್ಯರೊಡನೆ ಮಾತಾಡಬಹುದು. ನಿಲ್ಲಿಸಿದ ಮೊದಲ ಕೆಲವು ದಿನ ದೇಹ ಸ್ವಲ್ಪ ಉಪ್ಪುನೀರನ್ನು ಮರಳಿ ಹಿಡಿದಿಡುವುದರಿಂದ ಊತ ತುಸು ಹೆಚ್ಚಿದಂತೆ ಕಾಣಬಹುದು. ದಮ್ಮು ಇಲ್ಲದಿದ್ದರೆ, ತೂಕ 2 ಕಿಲೋ ಏರದಿದ್ದರೆ, ಅದಕ್ಕೆ ಹೆದರಿ ಮತ್ತೆ ಶುರುಮಾಡಬೇಕಿಲ್ಲ. ತಿಂಗಳು ಕಳೆದರೂ ಊತ ಹಾಗೆಯೇ ಉಳಿದರೆ ಎರಡೂ ಕಾಲುಗಳ ಅಭಿಧಮನಿಯ ಡಾಪ್ಲರ್ ಮಾಡಿಸಿ ಕವಾಟಗಳು ಹೇಗಿವೆ ಎಂದು ನೋಡಬೇಕು. ಎಡಗಾಲೊಂದರಲ್ಲೇ ಊತ ಏರುತ್ತಾ ಹೋದರೆ ಕಿಬ್ಬೊಟ್ಟೆಯ ಸ್ಕ್ಯಾನ್ ಕೂಡ ಆಗಬೇಕು, ಈ ವಯಸ್ಸಿನಲ್ಲಿ ಅಲ್ಲಿನ ಗಡ್ಡೆಯೊಂದು ಅಭಿಧಮನಿಯನ್ನು ಒತ್ತುತ್ತಿರುವ ಸಾಧ್ಯತೆಯನ್ನು ಪರೀಕ್ಷಿಸದೆ ಬಿಡಬಾರದು.